ಒಂಬತ್ತು ಸಾವಿರದ ಡಬ್ಬಿ, ಮುರ್ನೌನ ಕತ್ತಲು

"ಇದರಲ್ಲಿ ಕಪ್ಪು ಹೇಗೆ ಬರುತ್ತದೆ?" ಎಂದು ಕೇಳಿದೆ. ಅಂಗಡಿಯ ಹುಡುಗ ಪ್ರೊಜೆಕ್ಟರಿನ ಡಬ್ಬಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಕಪ್ಪು ಖಾಲಿಯಾಗಿದೆ ಸಾರ್, ಬಿಳಿ ಬಣ್ಣದ್ದು ಮಾತ್ರ ಇದೆ" ಎಂದ.

ನಾನು ಕೇಳಿದ್ದು ಪರದೆಯ ಮೇಲಿನ ಕಪ್ಪನ್ನು, ಅವನು ಹೇಳಿದ್ದು ಪ್ಲಾಸ್ಟಿಕ್ ಮೈಯ ಬಣ್ಣವನ್ನು. ತಪ್ಪು ಅವನದಲ್ಲ. ಡಬ್ಬಿಯ ಮೇಲೆ ಕಪ್ಪಿನ ಬಗ್ಗೆ ಒಂದಕ್ಷರವೂ ಇರಲಿಲ್ಲ. ಇದ್ದದ್ದೆಲ್ಲ ಬೆಳಕಿನ ಬಡಾಯಿ: ಒಂಬತ್ತು ಸಾವಿರ ಲ್ಯುಮೆನ್ಸ್! ಬೆಲೆ ಒಂಬತ್ತು ಸಾವಿರದ ನಾನೂರು ರೂಪಾಯಿ. ಲ್ಯುಮೆನ್ನಿಗೊಂದು ರೂಪಾಯಿಯಂತೆ ಲೆಕ್ಕ ಹಾಕಿದ್ದಾರೋ ಏನೋ. ಡಬ್ಬಿಯ ತಳದಲ್ಲಿ ಇರುವೆ ಸಾಲಿನಂಥ ಅಕ್ಷರಗಳಲ್ಲಿ "200 ಆನ್ಸಿ ಲ್ಯುಮೆನ್ಸ್" ಎಂದಿತ್ತು. ಲ್ಯುಮೆನ್ ಎಂದರೆ ಬೆಳಕಿನ ಅಳತೆ, ಆನ್ಸಿ ಎಂದರೆ ಗೊತ್ತುಪಡಿಸಿದ ಮಾನಕದಂತೆ ಅಳೆದದ್ದು. ಕೊಳ್ಳುವವರು ಓದಬೇಕಾದದ್ದು ಆ ಸಾಲನ್ನು. ಮೇಲಿನ ದಪ್ಪ ಅಂಕಿ ಜಾತ್ರೆಯ ಬ್ಯಾನರ್ ಇದ್ದ ಹಾಗೆ.

ಯಾವ ಕಂಪನಿಯದು ಎಂದು ಹೇಳುವುದಿಲ್ಲ. ಹೇಳಿದರೂ ಪ್ರಯೋಜನವಿಲ್ಲ. ಒಂದೇ ಅಚ್ಚಿನ ಡಬ್ಬಿಗೆ ಹತ್ತು ಹೆಸರು ಅಂಟಿಸಿ ಮಾರುತ್ತಾರೆ. ಅದೇ ಅಂಗಡಿಯಲ್ಲಿ ಅದೇ ಮೈಕಟ್ಟಿನ ಇನ್ನೊಂದನ್ನು ಬೇರೆ ಹೆಸರಿನಲ್ಲಿ ಆರುನೂರು ರೂಪಾಯಿ ಹೆಚ್ಚಿಗೆ ಇಟ್ಟಿದ್ದರು. ಹಾಗಾಗಿ ಇದನ್ನು ಹತ್ತು ಸಾವಿರದೊಳಗಿನ ಸಣ್ಣ ಎಲ್‌ಇಡಿ ಪ್ರೊಜೆಕ್ಟರ್ ಎಂಬ ಇಡೀ ಜಾತಿಯ ವಿಮರ್ಶೆ ಎಂದುಕೊಳ್ಳಿ.

ನನಗೆ ಇದರಲ್ಲಿ ಮಾತನಾಡುವ ಹಕ್ಕು ಎಲ್ಲಿಂದ ಬಂತು ಎನ್ನುತ್ತೀರಾದರೆ: 1978ರಲ್ಲಿ ದಾವಣಗೆರೆಯ ಒಂದು ಟಾಕೀಸಿನಲ್ಲಿ ರೀಲು ಸುತ್ತುವ ಹುಡುಗನಾಗಿ ಸೇರಿದವನು ನಾನು. ಆಮೇಲೆ ಆಪರೇಟರ್ ಆದೆ. 2012ರಲ್ಲಿ ಡಿಜಿಟಲ್ ಪೆಟ್ಟಿಗೆ ಬಂದು ಕ್ಯಾಬಿನ್ನಿನಲ್ಲಿ ಕುಳಿತುಕೊಳ್ಳುವವರೆಗೂ ಅಲ್ಲೇ ಇದ್ದೆ. ಎರಡು ಮೆಷಿನ್, ನಡುವೆ ನಾನು. ಒಂದರಲ್ಲಿ ರೀಲು ಮುಗಿಯುವ ಹೊತ್ತಿಗೆ ಪರದೆಯ ಬಲ ಮೂಲೆಯಲ್ಲಿ ಒಂದು ಚುಕ್ಕೆ ಮಿನುಗುತ್ತದೆ, ಇನ್ನೊಂದರ ಮೋಟಾರು ಚಾಲೂ ಮಾಡಬೇಕು. ಏಳೆಂಟು ಸೆಕೆಂಡಿಗೆ ಮತ್ತೊಂದು ಚುಕ್ಕೆ, ಬೆಳಕನ್ನು ಇಲ್ಲಿಂದ ಅಲ್ಲಿಗೆ ಬದಲಿಸಬೇಕು. ಕೆಳಗೆ ಗಾಂಧಿ ಕ್ಲಾಸಿನಲ್ಲಿ ಕುಳಿತವನಿಗೆ ಆ ಚುಕ್ಕೆ ಎಂದೂ ಕಂಡಿಲ್ಲ. ನನಗೆ ಇವತ್ತಿಗೂ ಕನಸಿನಲ್ಲಿ ಬಲ ಮೂಲೆಯಲ್ಲೇ ಕಣ್ಣು.

ಆ ಕೆಲಸದಲ್ಲಿ ಕಲಿತ ಒಂದು ಮಾತು ಈ ವಿಮರ್ಶೆಗೆ ಬೇಕು. ಫಿಲಂ ಒಂದು ಫ್ರೇಮಿನಿಂದ ಇನ್ನೊಂದಕ್ಕೆ ಸರಿಯುವಾಗ ಷಟರ್ ಬೆಳಕನ್ನು ಮುಚ್ಚುತ್ತದೆ, ಮಿಣುಕು ಕಾಣದಿರಲೆಂದು ಒಂದೊಂದು ಫ್ರೇಮು ನಿಂತಿರುವಾಗಲೂ ಇನ್ನೊಮ್ಮೆ ಮುಚ್ಚುತ್ತದೆ. ಲೆಕ್ಕ ಹಾಕಿದರೆ ಎರಡು ಗಂಟೆಯ ಸಿನಿಮಾದಲ್ಲಿ ಹೆಚ್ಚು ಕಡಿಮೆ ಒಂದು ಗಂಟೆ ಪರದೆ ಕತ್ತಲಾಗಿಯೇ ಇರುತ್ತದೆ. ಜನ ಟಿಕೆಟ್ ತೆಗೆದುಕೊಂಡು ಅರ್ಧ ಹೊತ್ತು ಕತ್ತಲನ್ನು ನೋಡಿ ಹೋಗುತ್ತಿದ್ದರು. ಆದ್ದರಿಂದಲೇ ಮೆಷಿನ್ ಯಾವುದೇ ಇರಲಿ, ಅದರ ಕಪ್ಪು ಹೇಗಿದೆ ಎಂದು ಮೊದಲು ನೋಡುತ್ತೇನೆ. ಬಿಳಿಯನ್ನು ಟಾರ್ಚೂ ಕೊಡುತ್ತದೆ.

ಕಪ್ಪನ್ನು ಪರೀಕ್ಷಿಸಲು ನಾನು ಆರಿಸಿಕೊಂಡದ್ದು ಎಫ್. ಡಬ್ಲ್ಯು. ಮುರ್ನೌ ಎಂಬ ಜರ್ಮನ್ ನಿರ್ದೇಶಕನನ್ನು. ಮೂಕಿ ಚಿತ್ರ ಯಾಕೆ ಎಂದು ಮಗ ಕೇಳಿದ. ಹಾಡು, ಹೊಡೆದಾಟ, ಡೈಲಾಗು ಇರುವ ಚಿತ್ರ ಹಾಕಿದರೆ ಮೆಷಿನ್ನಿನ ಅರ್ಧ ತಪ್ಪು ಸದ್ದಿನಲ್ಲಿ ಮುಚ್ಚಿಹೋಗುತ್ತದೆ. ಮೂಕಿಯಲ್ಲಿ ಬಚ್ಚಿಟ್ಟುಕೊಳ್ಳಲು ಜಾಗವಿಲ್ಲ. ಅದರಲ್ಲೂ ಮುರ್ನೌ ನೆರಳಿನ ಕಸುಬುದಾರ. ಇವನ ಚಿತ್ರಗಳಿಗೆಲ್ಲ ತೊಂಬತ್ತು ನೂರು ವರ್ಷವಾಗಿದೆ. ನಮ್ಮ ಕಾನೂನಿನಲ್ಲಿ ಸಿನಿಮಾದ ಹಕ್ಕು ಬಿಡುಗಡೆಯಾಗಿ ಅರವತ್ತು ವರ್ಷಕ್ಕೆ ಮುಗಿಯುತ್ತದೆ, ಹಾಗಾಗಿ ಮೊಮ್ಮಗಳು ನಿಶ್ಚಿಂತೆಯಿಂದ ಹುಡುಕಿ ಒಂದು ಪೆನ್‌ಡ್ರೈವಿಗೆ ತುಂಬಿಸಿಕೊಟ್ಟಳು. ಒಂದೊಂದು ಚಿತ್ರದ ತೂಕ ಒಂದು ಕಾಲಕ್ಕೆ ನಾನು ಮೆಟ್ಟಿಲು ಹತ್ತಿಸುತ್ತಿದ್ದ ತಗಡಿನ ಪೆಟ್ಟಿಗೆ. ಈಗ ಆರು ಚಿತ್ರ ಅಂಗಿಯ ಜೇಬಿನಲ್ಲಿ.

ಮುರ್ನೌ ಅವನ ಹುಟ್ಟು ಹೆಸರಲ್ಲ. 1888ರ ಡಿಸೆಂಬರ್ 28ರಂದು ಬೀಲೆಫೆಲ್ಡ್ ಎಂಬ ಊರಿನಲ್ಲಿ ಹುಟ್ಟಿದಾಗ ಅವನು ಫ್ರೆಡ್ರಿಕ್ ವಿಲ್ಹೆಲ್ಮ್ ಪ್ಲುಂಪೆ. ಬವೇರಿಯಾದ ಮುರ್ನೌ ಎಂಬ ಊರಿನ ಹೆಸರನ್ನು ತಾನೇ ಇಟ್ಟುಕೊಂಡ. ನಮ್ಮ ಕಡೆ ಊರಿನ ಹೆಸರು ಹುಟ್ಟಿನಿಂದಲೇ ಬೆನ್ನಿಗೆ ಬೀಳುತ್ತದೆ, ಅವನು ಹುಡುಕಿ ತಂದುಕೊಂಡ. ರಂಗ ನಿರ್ದೇಶಕ ಮ್ಯಾಕ್ಸ್ ರೈನ್‌ಹಾರ್ಟ್‌ನ ನಾಟಕಶಾಲೆಯಲ್ಲಿ ಪಳಗಿದವನು, ಮೊದಲ ಮಹಾಯುದ್ಧದಲ್ಲಿ ವಿಮಾನ ಹಾರಿಸಿದವನು. 1919ರಲ್ಲಿ ಮೊದಲ ಚಿತ್ರ. ಒಟ್ಟು ಇಪ್ಪತ್ತೊಂದು ಚಿತ್ರ ಮಾಡಿದ, ಇಡಿಯಾಗಿ ಉಳಿದಿರುವುದು ಹನ್ನೆರಡು. ಉಳಿದವು ಸುಟ್ಟೋ ಕೊಳೆತೋ ಕಳೆದೋ ಹೋದವು. ಆ ಕಾಲದ ನೈಟ್ರೇಟ್ ಫಿಲಂ ಹತ್ತಿಕೊಂಡರೆ ನೀರು ಸುರಿದರೂ ಆರುತ್ತಿರಲಿಲ್ಲ.

ಇನ್ನು ಮೆಷಿನ್ನಿನ ವಿಷಯ. ನಿಟ್ಟುವಳ್ಳಿಯ ನಮ್ಮ ಮನೆಯ ತಾರಸಿಯಲ್ಲಿ ಮೆಟ್ಟಿಲ ಕೋಣೆಯ ಹೊರಗೋಡೆಯೇ ಪರದೆ. ಎಂಟು ಅಡಿ ದೂರದಲ್ಲಿ ಸ್ಟೂಲಿನ ಮೇಲೆ ಇಟ್ಟರೆ ಎಂಬತ್ತು ಅಂಗುಲದ ಚಿತ್ರ ಬೀಳುತ್ತದೆ. ಡಬ್ಬಿಯೊಳಗೆ ಕೊಟ್ಟಿರುವ ಕರೆಂಟಿನ ವೈರು ನನ್ನ ತೋಳಿಗಿಂತ ಸ್ವಲ್ಪ ಉದ್ದ, ಅಷ್ಟೇ. ಎಕ್ಸ್‌ಟೆನ್ಷನ್ ಬಾಕ್ಸ್ ಬೇರೆ ತರಬೇಕು. ರಿಮೋಟಿಗೆ ಸೆಲ್ ಕೊಟ್ಟಿಲ್ಲ. "ಫೋರ್‌ಕೆ" ಎಂದು ಮೇಲೆ ಅಚ್ಚಾಗಿದೆ, ಆದರೆ ಅದು ಫೋರ್‌ಕೆ ಫೈಲನ್ನು ಒಳಗೆ ಬಿಟ್ಟುಕೊಳ್ಳುತ್ತದೆ ಎಂದಷ್ಟೇ ಅರ್ಥ, ಹೊರಗೆ ಚೆಲ್ಲುವುದು 1280ಕ್ಕೆ 720 ಚುಕ್ಕೆಗಳನ್ನು. ಹೋಟೆಲಿನ ಬೋರ್ಡಿನಲ್ಲಿ ಇಪ್ಪತ್ತು ಬಗೆಯ ದೋಸೆ ಬರೆದು ಒಳಗೆ ಹೋದರೆ ಬೆಣ್ಣೆ ದೋಸೆ ಒಂದೇ ಇರುತ್ತದಲ್ಲ, ಹಾಗೆ. ಬೆಣ್ಣೆ ದೋಸೆ ಚೆನ್ನಾಗಿದ್ದರೆ ಯಾರೂ ಜಗಳಕ್ಕೆ ಹೋಗುವುದಿಲ್ಲ.

ಮೊದಲ ರಾತ್ರಿ 'ನೊಸ್ಫೆರಾಟು' ಹಾಕಿದೆ. 1922ರ ಚಿತ್ರ. ರಕ್ತ ಹೀರುವ ಪಿಶಾಚಿಯ ಕಥೆಯಾದ ಡ್ರಾಕುಲಾ ಕಾದಂಬರಿಯನ್ನು ಅನುಮತಿ ಕೇಳದೆ ಎತ್ತಿಕೊಂಡು, ಹೆಸರುಗಳನ್ನು ಮಾತ್ರ ಬದಲಿಸಿ ಮಾಡಿದ್ದು. ಕಾದಂಬರಿಕಾರ ಬ್ರಾಮ್ ಸ್ಟೋಕರ್‌ನ ಹೆಂಡತಿ ಕೋರ್ಟಿಗೆ ಹೋದಳು. 1925ರಲ್ಲಿ ಎಲ್ಲ ಪ್ರತಿಗಳನ್ನೂ ನಾಶಮಾಡಬೇಕೆಂದು ತೀರ್ಪು ಬಂತು. ಅಷ್ಟರಲ್ಲಿ ಕೆಲವು ಪ್ರಿಂಟುಗಳು ದೇಶ ಬಿಟ್ಟು ಹೋಗಿದ್ದವು, ಅದಕ್ಕೇ ನಮ್ಮ ತಾರಸಿಯವರೆಗೆ ಬಂತು. ಪ್ರಿಂಟನ್ನು ಸಮಯಕ್ಕೆ ವಾಪಸು ಕಳಿಸದ ಯಾರೋ ಒಬ್ಬ ಆಪರೇಟರನ ಪುಣ್ಯ ಇದರಲ್ಲಿ ಇದ್ದೇ ಇರುತ್ತದೆ ಎಂದು ನನ್ನ ಊಹೆ.

ಪಿಶಾಚಿಯ ನೆರಳು ಮೆಟ್ಟಿಲು ಹತ್ತುವ ದೃಶ್ಯ ನಿಮಗೆ ಚಿತ್ರಪಟದಲ್ಲಾದರೂ ಗೊತ್ತಿರುತ್ತದೆ: ಗೂನು ಬೆನ್ನು, ಚಾಚಿದ ಕೈ, ಉದ್ದ ಉಗುರು. ಮನುಷ್ಯ ಕಾಣುವುದೇ ಇಲ್ಲ, ನೆರಳೇ ನಟ. ಈ ಮೆಷಿನ್ನಿನಲ್ಲಿ ಆ ನೆರಳು ಕಪ್ಪಾಗಿ ಬರಲಿಲ್ಲ, ಸ್ಲೇಟಿನ ಮೇಲೆ ಒದ್ದೆ ಬಟ್ಟೆ ಎಳೆದ ಹಾಗೆ ಬೂದಿಯಾಗಿ ಬಂತು. ಚಿತ್ರ ಪೂರ್ತಿ ಕತ್ತಲಾಗುವ ಜಾಗದಲ್ಲೂ ಗೋಡೆಯ ಮೇಲೆ ಮಬ್ಬು ಬೆಳಕಿನ ಒಂದು ಚೌಕ ಉಳಿಯುತ್ತದೆ. ಒಳಗಿನ ಬಲ್ಬು ಉರಿಯುತ್ತಲೇ ಇರುತ್ತದೆ, ಮುಂದಿನ ಗಾಜು ಅದನ್ನು ಪೂರ್ತಿ ತಡೆಯಲಾರದು. ಷಟರ್ ಇಲ್ಲದ ಮೆಷಿನ್ನಿಗೆ ಕಣ್ಣು ಮುಚ್ಚಲು ಬರುವುದಿಲ್ಲ.

ಎರಡು ದಿನ ಬಿಟ್ಟು ಇದಕ್ಕೊಂದು ಉಪಾಯ ಮಾಡಿದೆ. ಬಿಳಿ ಡಿಸ್ಟೆಂಪರಿಗೆ ಕಪ್ಪು ಸ್ಟೇನರ್ ಹನಿಹನಿಯಾಗಿ ಬೆರೆಸಿ, ವಿಭೂತಿಗಿಂತ ಒಂದು ಎಳೆ ಗಾಢವಾದ ಬಣ್ಣ ಮಾಡಿ ಗೋಡೆಗೆ ಬಳಿದೆ. ನಾಲ್ಕು ಅಂಚಿಗೆ ಕಪ್ಪು ಬಟ್ಟೆ ಹೊಡೆದೆ. ಟಾಕೀಸಿನ ಪರದೆಗೆ ಕಪ್ಪು ಅಂಚು ಇರುವುದು ಚೆಂದಕ್ಕಲ್ಲ. ಪಕ್ಕದಲ್ಲಿ ನಿಜವಾದ ಕಪ್ಪು ಇದ್ದರೆ ಒಳಗಿನ ಬೂದಿಯನ್ನೂ ಕಣ್ಣು ಕಪ್ಪೆಂದು ಒಪ್ಪುತ್ತದೆ. ಒಟ್ಟು ಖರ್ಚು ಮುನ್ನೂರ ಎಂಬತ್ತು ರೂಪಾಯಿ. ಮತ್ತೆ ಅದೇ ಮೆಟ್ಟಿಲ ದೃಶ್ಯ ಹಾಕಿದಾಗ ಮೊಮ್ಮಗಳು ನನ್ನ ಪಂಚೆಯ ತುದಿ ಹಿಡಿದುಕೊಂಡಳು. ಇದನ್ನು ಅಂಗಡಿಯವರು ಹೇಳಿಕೊಡುವುದಿಲ್ಲ, ಹೆಚ್ಚು ಬೆಳಕಿನ ಇನ್ನೊಂದು ಮಾಡೆಲ್ ಕೊಳ್ಳಿ ಎನ್ನುತ್ತಾರೆ.

ಚಿತ್ರದ ಪ್ರತಿಯ ಬಗ್ಗೆಯೂ ಒಂದು ಮಾತು, ಯಾಕೆಂದರೆ ಅರ್ಧ ದೂರು ಮೆಷಿನ್ನಿನದಲ್ಲ, ಫೈಲಿನದು. ಮೊಮ್ಮಗಳು ಮೊದಲು ತಂದದ್ದು ಬರೀ ಕಪ್ಪುಬಿಳುಪಿನ ಪ್ರತಿ. ಅದರಲ್ಲಿ ಪಿಶಾಚಿ ಹಾಡಹಗಲಲ್ಲಿ ಶವಪೆಟ್ಟಿಗೆ ಹೊತ್ತುಕೊಂಡು ಬೀದಿಯಲ್ಲಿ ನಡೆಯುತ್ತಾನೆ. "ಅಜ್ಜಾ, ಬಿಸಿಲು ಬಿದ್ದರೆ ಅವನು ಸಾಯಬೇಕಲ್ಲವಾ?" ಎಂದು ಅವಳೇ ಕೇಳಿದಳು. ಸರಿಯಾದ ಪ್ರಶ್ನೆ. ಆ ಕಾಲದಲ್ಲಿ ರಾತ್ರಿಯನ್ನು ಹಗಲಿನಲ್ಲೇ ತೆಗೆದು, ಪ್ರಿಂಟನ್ನು ನೀಲಿ ಬಣ್ಣದಲ್ಲಿ ಅದ್ದುತ್ತಿದ್ದರು. ನೀಲಿ ಎಂದರೆ ರಾತ್ರಿ ಎಂದು ಜನ ಓದಿಕೊಳ್ಳುತ್ತಿದ್ದರು. ಬಣ್ಣ ಹೋದ ಪ್ರತಿಯಲ್ಲಿ ಕಥೆಯೇ ಕೆಡುತ್ತದೆ. ಆಮೇಲೆ ನೀಲಿ ಹಳದಿ ಇರುವ, ದುರಸ್ತಿ ಮಾಡಿದ ಪ್ರತಿ ಸಿಕ್ಕಿತು.

ಮೊದಲ ಪ್ರತಿಗೆ ಇನ್ನೊಂದು ರೋಗವೂ ಇತ್ತು, ವೇಗದ್ದು. ಒಂದೂವರೆ ಗಂಟೆ ಓಡಬೇಕಾದ ಚಿತ್ರ ಒಂದು ಗಂಟೆ ಚಿಲ್ಲರೆಯಲ್ಲಿ ಮುಗಿದುಹೋಯಿತು. ಮೂಕಿಗಳನ್ನು ಕೈಯಿಂದ ತಿರುಗಿಸಿ, ಸೆಕೆಂಡಿಗೆ ಹದಿನಾರು, ಹದಿನೆಂಟು, ಇಪ್ಪತ್ತು ಫ್ರೇಮಿನಂತೆ ತೆಗೆಯುತ್ತಿದ್ದರು. ಮಾತು ಬಂದಮೇಲೆ ಇಪ್ಪತ್ತನಾಲ್ಕಕ್ಕೆ ಗೂಟ ಹೊಡೆದರು. ಹದಿನೆಂಟರಲ್ಲಿ ತೆಗೆದದ್ದನ್ನು ಇಪ್ಪತ್ತನಾಲ್ಕರಲ್ಲಿ ಓಡಿಸಿದರೆ ಎಲ್ಲರೂ ಕಾಲಿಗೆ ಇರುವೆ ಕಚ್ಚಿದವರ ಹಾಗೆ ಓಡಾಡುತ್ತಾರೆ. ಹಳೆಯ ಚಿತ್ರ ಎಂದರೆ ಹಾಗೇ ಎಂದು ಜನ ನಗುತ್ತಾರೆ. ನಗುವುದು ಆಪರೇಟರನ ತಪ್ಪಿಗೆ. ಈ ಚಿತ್ರದಲ್ಲಂತೂ ಅದರಿಂದ ನಷ್ಟ ಇನ್ನೂ ದೊಡ್ಡದು. ಪಿಶಾಚಿಯ ಸಾರೋಟು ಬರುವ ಜಾಗದಲ್ಲಿ ಮುರ್ನೌ ಬೇಕೆಂದೇ ವೇಗ ಹೆಚ್ಚಿಸಿದ್ದಾನೆ, ಕಾಡನ್ನು ನೆಗೆಟಿವ್‌ನಲ್ಲಿ ತೋರಿಸಿ ಮರಗಳನ್ನು ಬೆಳ್ಳಗೆ ಮಾಡಿದ್ದಾನೆ. ಮನುಷ್ಯರು ನಿಧಾನವಾಗಿ ನಡೆದರೆ ತಾನೆ ಆ ಗಾಡಿ ಈ ಲೋಕದ್ದಲ್ಲ ಎಂದು ಗೊತ್ತಾಗುವುದು? ಎಲ್ಲರೂ ಓಡುತ್ತಿದ್ದರೆ ಪಿಶಾಚಿಯೂ ಬಸ್ಸಿಗೆ ತಡವಾದವನ ಹಾಗೆ ಕಾಣುತ್ತಾನೆ. ಈ ಮೆಷಿನ್ನಿನ ಮೆನುವಿನಲ್ಲಿ ವೇಗ ಕಡಿಮೆ ಮಾಡುವ ಆಯ್ಕೆ ಇದೆ, ಆದರೆ ಅದು ಅರ್ಧ, ಮುಕ್ಕಾಲು ಎಂಬ ಎರಡೇ ಮೆಟ್ಟಿಲು. ಮುಕ್ಕಾಲು ಎಂದರೆ ಇಪ್ಪತ್ತನಾಲ್ಕರಲ್ಲಿ ಹದಿನೆಂಟು. ಯಾರೋ ಪುಣ್ಯಾತ್ಮ ಗೊತ್ತಿಲ್ಲದೆಯೇ ಮೂಕಿಗಳಿಗೆ ಸರಿಹೊಂದುವ ಅಳತೆ ಇಟ್ಟಿದ್ದಾನೆ. ಒಂದು ಅಂಕ ಹೆಚ್ಚಿಗೆ.

ಫ್ಯಾನಿನ ಸದ್ದಿಗೆ ಎರಡು ಅಂಕ ಕಡಿಮೆ. ಗೋಧಿ ಗಿರಣಿ ಪಕ್ಕದ ಬೀದಿಯಲ್ಲಿ ಓಡುತ್ತಿರುವ ಹಾಗೆ ಒಂದೇ ಸಮನೆ ಗುಂಯ್‌ಗುಡುತ್ತದೆ. ನಮ್ಮ ಹಳೆಯ ಮೆಷಿನ್ನುಗಳ ಸದ್ದು ಇದರ ಹತ್ತರಷ್ಟಿತ್ತು, ಆದರೆ ನಡುವೆ ಗೋಡೆ ಇತ್ತು, ಗಾಜಿನ ಕಿಂಡಿ ಇತ್ತು. ಇಲ್ಲಿ ಮೆಷಿನ್ ನಿಮ್ಮ ತೊಡೆಯ ಪಕ್ಕದಲ್ಲೇ ಕೂರುತ್ತದೆ. ಒಳಗಿನ ಸ್ಪೀಕರಿನದು ಡಬ್ಬದಲ್ಲಿ ಕಲ್ಲು ಅಲ್ಲಾಡಿಸಿದ ದನಿ, ಅದನ್ನು ಮರೆತುಬಿಡಿ. ಬ್ಲೂಟೂತ್ ಸ್ಪೀಕರ್ ಜೋಡಿಸಿದರೆ ಸದ್ದು ಚಿತ್ರಕ್ಕಿಂತ ಒಂದು ಚೂರು ಹಿಂದೆ ಬೀಳುತ್ತದೆ. ನ್ಯೂಸ್ ಹಾಕಿದರೆ ಓದುವವರ ತುಟಿ ಮೊದಲು, ಮಾತು ಆಮೇಲೆ. ಮೂಕಿಗೆ ಆ ತೊಂದರೆಯೇ ಇಲ್ಲ. ಪಿಟೀಲು ಅರ್ಧ ಕ್ಷಣ ತಡವಾಗಿ ಹೆದರಿದರೆ ಯಾರಿಗೆ ಗೊತ್ತಾಗುತ್ತದೆ?

ನಾಲ್ಕನೆಯ ರಾತ್ರಿ 'ದಿ ಲಾಸ್ಟ್ ಲಾಫ್'. ಇದಕ್ಕೆ ಎದುರುಮನೆಯ ಅಜ್ಜನನ್ನೂ ಕರೆದೆ. ಕಾಟನ್ ಮಿಲ್ಲಿನ ಗೇಟಿನಲ್ಲಿ ವಾಚ್‌ಮನ್ ಆಗಿದ್ದವರು. ಮಿಲ್ಲು ನಿಂತು ಎಷ್ಟೋ ಕಾಲವಾಯಿತು. ಖಾಕಿ ಕೋಟನ್ನು ಮಾತ್ರ ಇವತ್ತಿಗೂ ಚಳಿಗಾಲದಲ್ಲಿ ಹಾಕಿಕೊಂಡು ಹಾಲು ತರಲು ಹೋಗುತ್ತಾರೆ. ಅವರಿಗೆ ಕನ್ನಡ ಓದಲು ಬರುತ್ತದೆ, ಇಂಗ್ಲಿಷು ಬಾರದು. "ಅದೆಲ್ಲ ನನಗೆ ತಿಳಿಯುತ್ತದೆಯೇನಪ್ಪಾ?" ಎಂದರು. "ಓದುವುದೇ ಇಲ್ಲ, ಬನ್ನಿ ಅಜ್ಜಾ" ಎಂದೆ.

ನಿಜವಾಗಿಯೂ ಓದುವುದು ಇಲ್ಲ. ಮೂಕಿಗಳಲ್ಲಿ ಮಾತು ಬರುವ ಜಾಗಕ್ಕೆ ಅಕ್ಷರದ ಹಲಗೆ ಬರುತ್ತದಲ್ಲ, 1924ರ ಈ ಚಿತ್ರದಲ್ಲಿ ಅಂಥದ್ದು ಒಂದೇ ಒಂದು ಸಲ, ಅದೂ ಕೊನೆಯ ಹತ್ತಿರ. ಚಿತ್ರಕಥೆ ಕಾರ್ಲ್ ಮೇಯರ್‌ನದು, ಕ್ಯಾಮೆರಾ ಕಾರ್ಲ್ ಫ್ರಾಯ್ಂಡ್‌ನದು. ಕ್ಯಾಮೆರಾವನ್ನು ಸ್ಟ್ಯಾಂಡಿನಿಂದ ಬಿಚ್ಚಿ ಎದೆಗೆ ಕಟ್ಟಿಕೊಂಡರು, ಲಿಫ್ಟಿನಲ್ಲಿ ಇಳಿಸಿದರು, ಸೈಕಲ್ಲಿನ ಮೇಲೆ ಓಡಿಸಿದರು. ಚಿತ್ರ ಶುರುವಾಗುವುದೇ ಹೋಟೆಲಿನ ಲಿಫ್ಟು ಕೆಳಗಿಳಿಯುವಾಗ. ಬಾಗಿಲು ತೆರೆದು, ಗಿಜಿಗುಡುವ ಹಜಾರವನ್ನು ಹಾದು, ತಿರುಗುವ ಗಾಜಿನ ಬಾಗಿಲಿನವರೆಗೆ ನಾವೇ ನಡೆದುಹೋದ ಹಾಗಿದೆ. ಹೊರಗೆ ಮಳೆ. ಅಲ್ಲಿ ನಿಂತಿದ್ದಾನೆ ಬಾಗಿಲು ಕಾಯುವವನು, ನಟ ಎಮಿಲ್ ಯಾನಿಂಗ್ಸ್, ಮಿರುಗುವ ಗುಂಡಿಗಳ ಉದ್ದ ಕೋಟು ತೊಟ್ಟು, ರಾಜನ ಹಾಗೆ.

ಕಥೆ ಇಷ್ಟೇ. ವಯಸ್ಸಾಯಿತು, ಭಾರದ ಪೆಟ್ಟಿಗೆ ಎತ್ತಲಾರ ಎಂದು ಮ್ಯಾನೇಜರ್ ಅವನ ಕೋಟು ಬಿಚ್ಚಿಸಿ, ಕೆಳಗಿನ ಶೌಚಾಲಯದಲ್ಲಿ ಕೈ ಒರೆಸುವ ಬಟ್ಟೆ ಕೊಡುವ ಕೆಲಸಕ್ಕೆ ಹಾಕುತ್ತಾನೆ. ಕೋಟು ಇಲ್ಲದೆ ವಠಾರಕ್ಕೆ ಹೋಗಲಾರದೆ ಅವನು ಅದನ್ನು ಕದ್ದು ತೊಟ್ಟುಕೊಂಡು ಹೋಗುತ್ತಾನೆ. ಗುಟ್ಟು ರಟ್ಟಾದಾಗ ವಠಾರವೇ ನಗುತ್ತದೆ.

ಅಜ್ಜ ಪೆಟ್ಟಿಗೆ ಎತ್ತುವ ಜಾಗದಿಂದಲೇ ಮುಂದಕ್ಕೆ ಬಾಗಿ ಕುಳಿತರು. ತಂದಿಟ್ಟ ಮಂಡಕ್ಕಿಗೆ ಕೈ ಹಾಕಲಿಲ್ಲ, ಮಿರ್ಚಿ ಆರಿ ತಣ್ಣಗಾಯಿತು. ಕೋಟು ಬಿಚ್ಚಿಸುವಾಗ "ಹಾಗೆ ಎಳೆಯಬಾರದು" ಎಂದರು, ಪರದೆಗೆ. ಕೊನೆಯಲ್ಲಿ ರಾತ್ರಿ ಪಾಳಿಯ ಕಾವಲುಗಾರ ಲಾಟೀನು ಹಿಡಿದು ಬಂದು, ಕತ್ತಲಲ್ಲಿ ಮುದುರಿ ಕುಳಿತ ಮುದುಕನಿಗೆ ತನ್ನದೇ ಕೋಟು ಹೊದಿಸುತ್ತಾನೆ. ಲಾಟೀನಿನ ಬೆಳಕಿನ ವೃತ್ತವೊಂದು ಬಿಟ್ಟರೆ ಪರದೆಯೆಲ್ಲ ಕತ್ತಲು. ನನ್ನ ಬೂದಿ ಗೋಡೆ ಆ ಕತ್ತಲನ್ನು ತಡೆದುಕೊಂಡಿತು. ಮೆಷಿನ್ನಿಗೆ ನಾನು ಮೊದಲ ಸಲ ಮನಸ್ಸಿನಲ್ಲೇ ಕೈಮುಗಿದೆ. ಅಜ್ಜ ಹೇಳಿದ್ದು ಒಂದೇ ಮಾತು: "ಗೇಟಿನವನ ಕಷ್ಟ ಗೇಟಿನವನಿಗೇ ಗೊತ್ತು."

ಆಮೇಲೆ ಆ ಒಂದೇ ಅಕ್ಷರದ ಹಲಗೆ ಬರುತ್ತದೆ. ನಿಜವಾದ ಬದುಕಿನಲ್ಲಿ ಇವನಿಗೆ ಸಾವಲ್ಲದೆ ಬೇರೆ ದಾರಿ ಇರುತ್ತಿರಲಿಲ್ಲ, ಆದರೆ ಕಥೆ ಬರೆದವನಿಗೆ ಕರುಣೆ ಹುಟ್ಟಿತು ಎಂಬ ಅರ್ಥದ ಮಾತು. ಕೂಡಲೇ ಮುದುಕನಿಗೆ ಒಬ್ಬ ಕೋಟ್ಯಧಿಪತಿಯ ಆಸ್ತಿ ಬಂದುಬಿಡುತ್ತದೆ, ಅದೇ ಹೋಟೆಲಿನಲ್ಲಿ ಕುಳಿತು ಹೊಟ್ಟೆ ಬಿರಿಯುವಂತೆ ಉಣ್ಣುತ್ತಾನೆ. ಇದು ನನಗೆ ಎಂದೂ ಹಿಡಿಸಿಲ್ಲ. ಅಜ್ಜನಿಗೂ ಹಿಡಿಸಲಿಲ್ಲ, ಎದ್ದು ನೀರು ಕುಡಿಯಲು ಹೋದರು.

ಇಲ್ಲಿ ಮೆಷಿನ್ನಿನ ಇನ್ನೊಂದು ದೋಷ ಕಂಡಿತು. ಆ ಹಲಗೆಯ ಅಕ್ಷರಗಳು ನಡುವೆ ಸ್ಪಷ್ಟ, ಅಂಚಿಗೆ ಹೋಗುತ್ತ ನೀರಿನಲ್ಲಿ ನೆನೆದ ಕಾಗದ. ನಡುವನ್ನು ಸರಿಮಾಡಿದರೆ ಮೂಲೆ ಮಸುಕು, ಮೂಲೆಯನ್ನು ಸರಿಮಾಡಿದರೆ ನಡು ಮಸುಕು. ಅಂಗಡಿಗೆ ತೆಗೆದುಕೊಂಡು ಹೋದೆ. ಕೊಳ್ಳುವಾಗ "ಏಳು ದಿನದಲ್ಲಿ ಬದಲಾಯಿಸಿ ಕೊಡುತ್ತೇವೆ" ಎಂದಿದ್ದವರು, ಐದನೆಯ ದಿನ ಹೋದರೆ "ಅದು ಆನ್ ಆಗದಿದ್ದರೆ ಮಾತ್ರ ಸಾರ್" ಎಂದರು. ಬಿಲ್ಲಿನ ಹಿಂಬದಿಯಲ್ಲಿ ಅದನ್ನು ಬರೆದಿರಲಿಲ್ಲ. ವಾದ ಮಾಡಿದೆ, ಪ್ರಯೋಜನವಾಗಲಿಲ್ಲ. ಇನ್ನೊಂದು ತೆರೆದು ತೋರಿಸಿ ಎಂದೆ. ತೋರಿಸಿದರು, ಅದರದೂ ಅದೇ ಮೂಲೆ, ಅದೇ ಮಸುಕು. ಈ ಬೆಲೆಯ ಲೆನ್ಸಿನ ಹಣೆಬರಹವೇ ಅಷ್ಟು ಎಂದು ಸುಮ್ಮನಾದೆ. ನೀವು ಕೊಳ್ಳುವಾಗ ಅಂಗಡಿಯಲ್ಲೇ ನಾಲ್ಕು ಮೂಲೆಗೂ ಅಕ್ಷರ ಇರುವ ಚಿತ್ರ ಹಾಕಿಸಿ ನೋಡಿ. ಹಾಡು ಹಾಕಿ ತೋರಿಸುತ್ತಾರೆ, ಮರುಳಾಗಬೇಡಿ.

'ಫೌಸ್ಟ್' ಬಗ್ಗೆ ಹೇಳುವುದು ಕಡಿಮೆ. 1926ರದು, ಜರ್ಮನಿಯಲ್ಲಿ ಅವನು ಮಾಡಿದ ಕೊನೆಯ ಚಿತ್ರ. ದೆವ್ವ ಊರಿನ ಮೇಲೆ ರೆಕ್ಕೆ ಹರಡಿ ಪ್ಲೇಗು ಸುರಿಸುವ ಹೊತ್ತಿಗೆ ನಮ್ಮ ಬೀದಿಯ ಕರೆಂಟು ಹೋಯಿತು. ಮೆಷಿನ್ನಿಗೆ ಬ್ಯಾಟರಿ ಇಲ್ಲ. ಮನೆಯ ಯುಪಿಎಸ್ ಲೈನಿಗೆ ಜೋಡಿಸಿದರೆ ಸಲೀಸಾಗಿ ಓಡುತ್ತದೆ, ಆದರೆ ಅದು ನನಗೆ ಹೊಳೆದದ್ದು ಮರುದಿನ.

'ಫೌಸ್ಟ್' ಮುಗಿಯುವ ಹೊತ್ತಿಗೆ ಹಾಲಿವುಡ್ ಸ್ಟುಡಿಯೊ ಮಾಲೀಕ ವಿಲಿಯಂ ಫಾಕ್ಸ್ ಮುರ್ನೌನನ್ನು ಅಮೆರಿಕಕ್ಕೆ ಕರೆಸಿಕೊಂಡಿದ್ದ. ಕೇಳಿದ್ದನ್ನೆಲ್ಲ ಕೊಟ್ಟು ಮಾಡಿಸಿದ ಚಿತ್ರ 'ಸನ್‌ರೈಸ್'. ದೊಡ್ಡ ನಗರವನ್ನೇ ಸೆಟ್ಟಿನಲ್ಲಿ ಕಟ್ಟಿದರು. ಬೀದಿ ಇನ್ನೂ ಉದ್ದ ಕಾಣಲೆಂದು ಹಿಂದಿನ ಕಟ್ಟಡಗಳನ್ನು ಸಣ್ಣದಾಗಿ ಮಾಡಿ, ಅಲ್ಲಿ ಕುಳ್ಳಗಿನವರನ್ನು ಓಡಾಡಿಸಿದರು. ಹಳ್ಳಿಯಿಂದ ನಗರಕ್ಕೆ ಹೋಗುವ ಟ್ರಾಮಿಗೆ ಹಳಿಯನ್ನೇ ಹಾಕಿದರು. ಹೆಂಡತಿಯನ್ನು ನೀರಿಗೆ ತಳ್ಳಲು ಹೊರಟು, ಕೈ ಬಾರದೆ ಹಿಂದೆಗೆದ ಗಂಡ, ಹೆದರಿ ಮುದುಡಿದ ಹೆಂಡತಿ, ಇಬ್ಬರೂ ಆ ಟ್ರಾಮಿನಲ್ಲಿ ಮಾತಿಲ್ಲದೆ ನಿಂತಿರುತ್ತಾರೆ. ಕಿಟಕಿಯ ಹೊರಗೆ ಕಾಡು ಹೋಗಿ ಕಾರ್ಖಾನೆ ಬರುತ್ತದೆ, ಕಾರ್ಖಾನೆ ಹೋಗಿ ಪೇಟೆ ಬರುತ್ತದೆ. ನನ್ನ ಹೆಂಡತಿ ಮೂಕಿ ಎಂದರೆ ತೂಕಡಿಸುವವಳು, ಇದನ್ನು ಕಣ್ಣು ಮಿಟುಕಿಸದೆ ನೋಡಿ, "ಇವನ ಜೊತೆ ಇವಳು ಯಾಕೆ ಹೋಗಬೇಕು?" ಎಂದಳು. ಉತ್ತರ ನನ್ನಲ್ಲಿರಲಿಲ್ಲ.

ಕ್ಯಾಮೆರಾ ತೇಲಿಕೊಂಡು ಹೋಗುವ ಚಿತ್ರ ಇದು. ಗಂಡ ರಾತ್ರಿ ಜೌಗಿನೊಳಗೆ ಪ್ರೇಯಸಿಯನ್ನು ಹುಡುಕಿ ಹೋಗುವಾಗ, ಮೇಲೆ ಹಳಿ ಕಟ್ಟಿ ಅದರಿಂದ ಕ್ಯಾಮೆರಾ ನೇತುಹಾಕಿ ಹಿಂಬಾಲಿಸಿದ್ದಾರೆ. ಫಿಲಂನಲ್ಲಿ ಅದು ಹಾವು ಹರಿದಂತೆ ಹೋಗಬೇಕು. ಈ ಮೆಷಿನ್ನಿನಲ್ಲಿ ಸಣ್ಣ ಸಣ್ಣ ತಡೆ, ಕಲ್ಲುದಾರಿಯ ಮೇಲೆ ಎತ್ತಿನ ಗಾಡಿ. ಕಾರಣ ಸರಳ. ಮೆಷಿನ್ ಸೆಕೆಂಡಿಗೆ ಅರವತ್ತು ಸಲ ಚಿತ್ರ ಬದಲಿಸುತ್ತದೆ, ಫೈಲಿನಲ್ಲಿರುವುದು ಇಪ್ಪತ್ತನಾಲ್ಕು. ಅರವತ್ತನ್ನು ಇಪ್ಪತ್ತನಾಲ್ಕರಿಂದ ಭಾಗಿಸಿದರೆ ಎರಡೂವರೆ. ಅರ್ಧ ಸಲ ತೋರಿಸಲು ಬಾರದಿದ್ದಕ್ಕೆ ಒಂದು ಫ್ರೇಮನ್ನು ಮೂರು ಸಲ, ಮುಂದಿನದನ್ನು ಎರಡು ಸಲ ತೋರಿಸುತ್ತದೆ, ಅದೇ ಕುಂಟು. ನಿಂತ ದೃಶ್ಯದಲ್ಲಿ ಗೊತ್ತಾಗುವುದಿಲ್ಲ. ಕ್ಯಾಮೆರಾ ಅಡ್ಡಡ್ಡ ಚಲಿಸಿದಾಗ ಗೊತ್ತಾಗುತ್ತದೆ. ಮನೆಯವರು ಯಾರೂ ಗಮನಿಸಲಿಲ್ಲ, ನನಗೆ ಮಾತ್ರ ಹಲ್ಲಿನಲ್ಲಿ ಕಲ್ಲು ಸಿಕ್ಕಿದ ಹಾಗಾಯಿತು. ಮಗನ ದೊಡ್ಡ ಟಿವಿಯಲ್ಲಿ ಇದನ್ನು ಸರಿಮಾಡುವ ಆಯ್ಕೆ ಇದೆ. ಅದು ನಡುವೆ ಇಲ್ಲದ ಫ್ರೇಮುಗಳನ್ನು ತಾನೇ ಹುಟ್ಟಿಸಿ ಎಲ್ಲವನ್ನೂ ಧಾರಾವಾಹಿಯ ಹಾಗೆ ನುಣ್ಣಗೆ ಮಾಡುತ್ತದೆ. ಅದಕ್ಕಿಂತ ಈ ಕುಂಟು ಮೇಲು. ಕುಂಟಿದರೂ ಮುರ್ನೌನದೇ ಕಾಲು.

'ಸನ್‌ರೈಸ್' ತೆರೆಕಂಡದ್ದು 1927ರ ಸೆಪ್ಟೆಂಬರ್ 23ರಂದು. ಎರಡು ವಾರಕ್ಕೆ, ಅಕ್ಟೋಬರ್ 6ರಂದು, ಮಾತನಾಡಿ ಹಾಡುವ 'ದಿ ಜಾಜ್ ಸಿಂಗರ್' ಬಂತು. ಮೊದಲ ಆಸ್ಕರ್ ಸಮಾರಂಭದಲ್ಲಿ ಮುರ್ನೌನ ಚಿತ್ರಕ್ಕೆ ಮೂರು ಪ್ರಶಸ್ತಿ. ಅದರಲ್ಲೊಂದು ಅಪೂರ್ವ ಕಲಾತ್ಮಕ ಚಿತ್ರಕ್ಕೆಂದು ಆ ಒಂದು ವರ್ಷ ಮಾತ್ರ ಕೊಟ್ಟದ್ದು, ಮುಂದೆ ಆ ವಿಭಾಗವನ್ನೇ ತೆಗೆದರು. ಹಾಕಿದ ದುಡ್ಡು ಮಾತ್ರ ಗಲ್ಲಾಪೆಟ್ಟಿಗೆಯಿಂದ ಹಿಂದಕ್ಕೆ ಬರಲಿಲ್ಲ. ಮುಂದಿನ ಚಿತ್ರ 'ಫೋರ್ ಡೆವಿಲ್ಸ್' ಇವತ್ತು ಎಲ್ಲೂ ಇಲ್ಲ. ಅದರ ನಂತರದ 'ಸಿಟಿ ಗರ್ಲ್'ಗೆ ಸ್ಟುಡಿಯೊದವರು ಅವನನ್ನು ಬಿಟ್ಟು ಮಾತು ತುರುಕಿದರು. ನಮ್ಮ ಕನ್ನಡದ ಮೊದಲ ಮಾತಿನ ಚಿತ್ರ 'ಸತಿ ಸುಲೋಚನ' ಬಂದದ್ದು 1934ರಲ್ಲಿ. ಮಾತು ಬಂದಾಗ ಮಾತಿಲ್ಲದೆ ಹೇಳುವ ವಿದ್ಯೆ ಗೊತ್ತಿದ್ದವರು ಎಲ್ಲ ಕಡೆಯೂ ಒಂದೇ ಸಲಕ್ಕೆ ಹಳಬರಾದರು. 2012ರಲ್ಲಿ ನಮ್ಮ ಟಾಕೀಸಿನ ಎರಡು ಮೆಷಿನ್ನುಗಳನ್ನು ಗುಜರಿಯವನು ಕಿಲೋ ಲೆಕ್ಕದಲ್ಲಿ ತೂಗಿದಾಗ ನಾನು ತಕ್ಕಡಿಯ ಮುಳ್ಳನ್ನೇ ನೋಡುತ್ತ ನಿಂತಿದ್ದೆ.

ಕೊನೆಯ ರಾತ್ರಿ 'ಟಬೂ'. ಸ್ಟುಡಿಯೊ ಸಹವಾಸ ಸಾಕೆಂದು ಮುರ್ನೌ ತನ್ನದೇ ದುಡ್ಡು ಹಾಕಿ, ಸಾಕ್ಷ್ಯಚಿತ್ರಗಳ ನಿರ್ದೇಶಕ ರಾಬರ್ಟ್ ಫ್ಲಾಹರ್ಟಿಯ ಜೊತೆ ಸೇರಿ ದಕ್ಷಿಣ ಸಮುದ್ರದ ಬೋರಾ ಬೋರಾ ದ್ವೀಪಕ್ಕೆ ಹೋದ. ಇಬ್ಬರಿಗೂ ಸರಿಬರದೆ ಕೊನೆಗೆ ಚಿತ್ರ ಮುರ್ನೌನದೇ ಆಯಿತು. ಅಲ್ಲಿನ ಜನರೇ ನಟರು. ಟಾಕಿಗಳ ಅಬ್ಬರದ ನಡುವೆ, 1931ರಲ್ಲಿ, ಅವನು ಮತ್ತೆ ಮೂಕಿಯನ್ನೇ ಮಾಡಿದ್ದ. ಇದರಲ್ಲಿ ಬಿಸಿಲು ಜಾಸ್ತಿ, ನೀರು ಜಾಸ್ತಿ, ಒದ್ದೆ ಮೈಯ ಮೇಲೆ ಹೊಳೆಯುವ ಬೆಳಕು ಜಾಸ್ತಿ. ಡಬ್ಬಿಗೆ ಇದು ತವರುಮನೆ. ಬಿಳಿಯನ್ನು ಧಾರಾಳವಾಗಿ ಚೆಲ್ಲಿತು. ಫ್ಲಾಯ್ಡ್ ಕ್ರಾಸ್ಬಿಗೆ ಛಾಯಾಗ್ರಹಣದ ಆಸ್ಕರ್ ತಂದುಕೊಟ್ಟ ಚಿತ್ರ, ಒಂಬತ್ತು ಸಾವಿರದ ಮೆಷಿನ್ನಿನಲ್ಲೂ ಮರ್ಯಾದೆ ಕಳೆದುಕೊಳ್ಳಲಿಲ್ಲ. ಬೆಳಕಿನ ಕೋಲಿನಲ್ಲಿ ದೀಪದ ಹುಳುಗಳು ಸುತ್ತಿ, ಅವುಗಳ ನೆರಳು ಪರದೆಯ ಸಮುದ್ರದ ಮೇಲೆ ಹದ್ದುಗಳ ಹಾಗೆ ಹಾರಾಡಿದವು. ತಾರಸಿಯ ಟ್ಯೂಬ್‌ಲೈಟನ್ನು ದೂರದ ಮೂಲೆಯಲ್ಲಿ ಹಾಕಿಟ್ಟರೆ ಹುಳು ಅತ್ತ ಹೋಗುತ್ತವೆ.

ಆ ಚಿತ್ರದ ಬಿಡುಗಡೆಯನ್ನು ಮುರ್ನೌ ನೋಡಲಿಲ್ಲ. ಒಂದು ವಾರ ಮೊದಲು ಕ್ಯಾಲಿಫೋರ್ನಿಯಾದ ಕಡಲದಾರಿಯಲ್ಲಿ ಕಾರು ಅಪಘಾತವಾಗಿ, 1931ರ ಮಾರ್ಚ್ 11ರಂದು ತೀರಿಕೊಂಡ. ನಲವತ್ತೆರಡು ವರ್ಷ. ಪೂರ್ತಿ ಮಾತಿನ ಚಿತ್ರ ಒಂದನ್ನೂ ಮಾಡಲಿಲ್ಲ.

ಈಗ ಲೆಕ್ಕ. ಹಗಲು ನೋಡುವವರು, ಕ್ರಿಕೆಟ್ ನೋಡುವವರು ಇದನ್ನು ಕೊಳ್ಳಬೇಡಿ. ಕಿಟಕಿಯಿಂದ ಬೀದಿದೀಪದ ಬೆಳಕು ಬಿದ್ದರೂ ಇದು ಸೋಲುತ್ತದೆ. ಅಕ್ಷರ ಹೆಚ್ಚಿರುವ ಪಾಠ ತೋರಿಸುವ ಮೇಷ್ಟ್ರುಗಳಿಗೂ ಬೇಡ, ಮೂಲೆ ಮಸುಕು ಮರೆಯಬೇಡಿ. ರಾತ್ರಿ ಎಂಟರ ಮೇಲೆ ತಾರಸಿಯಲ್ಲಿ ನಾಲ್ಕು ಜನ ಕೂತು ಹಳೆಯ ಚಿತ್ರ ನೋಡುವುದಾದರೆ, ಗೋಡೆಗೆ ಬೂದಿ ಬಳಿಯುವ ತಾಳ್ಮೆ ಇದ್ದರೆ, ಕೊಟ್ಟ ದುಡ್ಡಿಗೆ ಮೋಸವಿಲ್ಲ. ಹತ್ತಕ್ಕೆ ಆರು ಕೊಡುತ್ತೇನೆ. ಬೂದಿ ಗೋಡೆಯ ಜೊತೆ ಏಳು, ಆದರೆ ಆ ಒಂದು ಅಂಕ ನನ್ನದು, ಕಂಪನಿಯದಲ್ಲ.

ಒಂದು ವಿಷಯ ಮರೆತೆ. ಅಜ್ಜ ಮೊನ್ನೆ ತಾವೇ ಕುರ್ಚಿ ಹೊತ್ತುಕೊಂಡು ಬಂದರು. "ಆ ಕೋಟಿನವನದು ಮತ್ತೆ ಹಾಕಪ್ಪಾ. ಲಾಟೀನಿನವನು ಬಂದು ಹೊದಿಸುತ್ತಾನಲ್ಲ, ಅಲ್ಲಿಗೆ ನಿಲ್ಲಿಸಿಬಿಡು, ಆಮೇಲಿನ ಆಸ್ತಿ ಕಥೆ ಬೇಡ" ಎಂದರು. ಹಾಗೆಯೇ ಮಾಡಿದೆ. ಆ ಫ್ರೇಮಿಗೆ ನಿಲ್ಲಿಸಿ, ರಿಮೋಟ್ ಕೆಳಗಿಟ್ಟೆ. ಅಜ್ಜ ನೋಡುತ್ತ ಕುಳಿತರು. ಸರಿಯಾಗಿ ಐದು ನಿಮಿಷಕ್ಕೆ ಮೆಷಿನ್ ತಾನಾಗಿಯೇ ಕಂಪನಿಯ ಗುರುತು, ಅದರ ಸುತ್ತ ಗಿರಗಿರ ತಿರುಗುವ ಗುಲಾಬಿ ಹೂವುಗಳನ್ನು ಇಡೀ ಗೋಡೆಗೆ ಎರಚಿತು. ಇದನ್ನು ನಿಲ್ಲಿಸುವ ಆಯ್ಕೆ ಸೆಟ್ಟಿಂಗ್ಸಿನ ಮೂರನೆಯ ಪುಟದ ಕೊನೆಯಲ್ಲಿದೆ. ಕೊಂಡ ದಿನವೇ ಆಫ್ ಮಾಡಿಡಿ.